ಫಿಲಿಪಿನೋ ಸ್ವತಂತ್ರ ಸಿನಿಮಾ ಗೆಳೆಯರ ಜೊತೆ ನೋಡುವುದು ಹೇಗೆ? ಆಯ್ಕೆಯಿಂದ ಹರಟೆಯವರೆಗೆ ಸಮಗ್ರ ಮಾರ್ಗದರ್ಶಿ

ಎಂಟು ಜನರನ್ನು ಕರೆದು ಸಿನಿಮಾ ಶುರು ಮಾಡಿದ ನಲವತ್ತನೇ ನಿಮಿಷಕ್ಕೆ ಮೂವರ ಕೈಗೆ ಮೊಬೈಲು ಬಂದಿರುತ್ತದೆ, ಇಬ್ಬರು ಅಡುಗೆಮನೆ ಸೇರಿರುತ್ತಾರೆ. ಫಿಲಿಪೀನ್ಸ್‌ನ ಸ್ವತಂತ್ರ ಸಿನಿಮಾಗಳನ್ನು ಮನೆಯಲ್ಲಿ ತೋರಿಸಲು ಹೊರಟವರ ಪ್ರಯತ್ನ ಬಹಳ ಸಲ ಹೀಗೇ ಮುಗಿಯುತ್ತದೆ. "ತುಂಬಾ ನಿಧಾನ ಮಾರಾಯಾ, ಏನೂ ನಡೆಯೋದೇ ಇಲ್ಲ" ಎಂಬ ದೂರು ಪ್ರತಿ ಸಲವೂ ಬರುತ್ತದೆ. ಆದರೆ ಈ ಬೇಸರ ಹೆಚ್ಚಾಗಿ ಹುಟ್ಟುವುದು ಕೋಣೆಯಲ್ಲಿ. ಚೌಕಟ್ಟಿನ ಮೂಲೆಯ ಕತ್ತಲಲ್ಲಿ ಒಬ್ಬಳು ನಡೆದು ಬರುತ್ತಿರುತ್ತಾಳೆ. ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲಿ, 32 ಇಂಚಿನ ಟಿವಿಯಲ್ಲಿ ಅವಳು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದವರಿಗೆ ಅಲ್ಲಿ ಏನೂ ನಡೆದಂತಾಗುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಮೊದಲ ನಾಲ್ಕನ್ನು ಕನಿಷ್ಠ ಒಂದು ವಾರ ಮುಂಚೆ, ಐದು ಮತ್ತು ಆರನ್ನು ಹಿಂದಿನ ರಾತ್ರಿ ಮುಗಿಸಿಕೊಳ್ಳಬೇಕು.

ಮೊದಲೇ ಕೂಡಿಟ್ಟುಕೊಳ್ಳಬೇಕಾದ್ದು

55 ಇಂಚಿನ ಟಿವಿ ಅಥವಾ ಪ್ರೊಜೆಕ್ಟರ್, ವೈರ್ ಇರುವ ಸ್ಪೀಕರ್, ಉದ್ದದ ಎಚ್‌ಡಿಎಂಐ ಕೇಬಲ್, ಇಂಟರ್ನೆಟ್‌ಗೆ ಲ್ಯಾನ್ ಕೇಬಲ್, ಕಿಟಕಿ ಮುಚ್ಚಲು ದಪ್ಪ ಬಟ್ಟೆ, ಚಾಪೆ, ನಾಲ್ಕೈದು ಕುರ್ಚಿ. ಕರೆಂಟ್ ಹೋಗುವ ಊರಾದರೆ ಪ್ರೊಜೆಕ್ಟರ್ ಜೊತೆಗೆ ವೈಫೈ ರೌಟರ್ ಕೂಡ ಯುಪಿಎಸ್ ಮೇಲೆ ಇರಲಿ. ರೌಟರನ್ನು ಮರೆತವರ ಸಿನಿಮಾ ಅಲ್ಲೇ ನಿಲ್ಲುತ್ತದೆ.

## 1. ಮೊದಲು ಜನ, ಆಮೇಲೆ ಸಿನಿಮಾ

ಸಿನಿಮಾ ಗೊತ್ತುಮಾಡಿಕೊಂಡು ಆಮೇಲೆ ಜನ ಹುಡುಕುವುದು ಮೊದಲ ತಪ್ಪು. ಯಾರು ಬರುತ್ತಾರೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಇಂಗ್ಲಿಷ್ ಸಬ್‌ಟೈಟಲ್ ಓಡಿದಷ್ಟೇ ವೇಗದಲ್ಲಿ ಓದಬಲ್ಲವರು ಎಷ್ಟು, ಹಿರಿಯರು ಇದ್ದಾರೆಯೇ, ಮಕ್ಕಳನ್ನು ಕರೆತರುವವರಿದ್ದಾರೆಯೇ, ರಾತ್ರಿ ಎಷ್ಟು ಗಂಟೆಗೆ ಹೊರಡಬೇಕು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಬೇಕು.

ಐದರಿಂದ ಎಂಟು ಜನ ಸರಿಯಾದ ಸಂಖ್ಯೆ. ಹತ್ತು ದಾಟಿದರೆ ಪಿಸುಮಾತು ನಿಲ್ಲುವುದಿಲ್ಲ, ಮುಗಿದ ಮೇಲೆ ಮಾತೂ ಒಂದೆಡೆ ಕೂಡಿ ಬರುವುದಿಲ್ಲ.

## 2. ಆಯ್ಕೆ: ಅವಧಿ ನೋಡದೆ ಹೂಂ ಅನ್ನಬೇಡಿ

ಫಿಲಿಪೀನ್ಸ್‌ನ ಸ್ವತಂತ್ರ ಸಿನಿಮಾಗಳ ಅವಧಿ ಒಂದೂವರೆ ಗಂಟೆಯಿಂದ ಎಂಟು ಗಂಟೆ ದಾಟುವವರೆಗೂ ಹರಡಿಕೊಂಡಿದೆ. ನಿರ್ದೇಶಕ ಲಾವ್ ಡಿಯಾಜ್ ಅವರ 'ಹೆಲೆ ಸಾ ಹಿವಾಗಾಂಗ್ ಹಾಪಿಸ್' (2016) 485 ನಿಮಿಷದ್ದು. ಪ್ರಶಸ್ತಿಯ ಹೆಸರು ನೋಡಿ ಅದನ್ನೇ ಮೊದಲ ಸಂಜೆಗೆ ಇಟ್ಟರೆ ಎರಡನೇ ಸಂಜೆಗೆ ಯಾರೂ ಬರುವುದಿಲ್ಲ. ಮೊದಲ ಸಲ ನೋಡುವ ಗುಂಪಿಗೆ 110 ನಿಮಿಷ ಮೇಲಿನ ಮಿತಿ ಎಂದು ಇಟ್ಟುಕೊಳ್ಳಿ.

ಮೊದಲ ಸಂಜೆಗೆ ಒಪ್ಪುವಂಥವು ಕೆಲವಿವೆ. 'ಕುಬ್ರಡೋರ್' (2006) ಸುಮಾರು 98 ನಿಮಿಷ. ಮನಿಲಾದ ಇಕ್ಕಟ್ಟು ಓಣಿಗಳಲ್ಲಿ 'ಹ್ವೆತೆಂಗ್' ಎಂಬ ಅಕ್ರಮ ಅಂಕಿ ಜೂಜಿಗೆ ಬಾಜಿ ಬರೆಸಿಕೊಳ್ಳುವ ಹೆಂಗಸಿನ ಕಥೆ. ಮಟ್ಕಾ ಎಂದರೆ ಏನೆಂದು ಗೊತ್ತಿರುವ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಆಂಗ್ ಪಗ್‌ದದಲಾಗಾ ನಿ ಮ್ಯಾಕ್ಸಿಮೊ ಒಲಿವೆರೊಸ್' (2005) ಸುಮಾರು 100 ನಿಮಿಷ. ಕೊಳೆಗೇರಿಯಲ್ಲಿ ಅಪ್ಪ, ಅಣ್ಣಂದಿರ ಜೊತೆ ಬೆಳೆಯುವ, ಹೆಣ್ಣಿನ ಹಾವಭಾವವಿರುವ ಹನ್ನೆರಡರ ಹುಡುಗನೊಬ್ಬ ಪೊಲೀಸನೊಬ್ಬನಿಗೆ ಮನಸೋಲುತ್ತಾನೆ. ಕಥೆ ನೇರವಾಗಿ ಸಾಗುತ್ತದೆ, ಮಾತು ಸಾಕಷ್ಟಿದೆ. ಹಳೆಯ ಹೊಡೆದಾಟದ ಚಿತ್ರಗಳನ್ನು ಇಷ್ಟಪಡುವವರು ಗುಂಪಿನಲ್ಲಿದ್ದರೆ ಮಾರ್ತಿಕಾ ರಮಿರೆಜ್ ಎಸ್ಕೊಬಾರ್ ಅವರ 2022ರ ಚಿತ್ರ ನೋಡಿ. ನಿವೃತ್ತ ಚಿತ್ರಕಥೆಗಾರ್ತಿಯ ತಲೆಯ ಮೇಲೆ ಟಿವಿ ಬಿದ್ದು, ಅವಳು ತಾನೇ ಅರ್ಧಕ್ಕೆ ಬಿಟ್ಟ ಆ್ಯಕ್ಷನ್ ಕಥೆಯೊಳಗೆ ಸಿಕ್ಕಿಕೊಳ್ಳುತ್ತಾಳೆ. 'ಲಿಯೊನೋರ್ ವಿಲ್ ನೆವರ್ ಡೈ' ಎಂಬ ಹೆಸರಿನಲ್ಲಿ ಹುಡುಕಿದರೆ ಸಿಗುತ್ತದೆ.

ಮನೆಯ ಹಿರಿಯರೂ ಕೂರುವುದಾದರೆ 'ಸಂಡೇ ಬ್ಯೂಟಿ ಕ್ವೀನ್' (2016) ಎಂಬ ಸಾಕ್ಷ್ಯಚಿತ್ರವೇ ಸರಿ. ಹಾಂಕಾಂಗ್‌ನ ಮನೆಗಳಲ್ಲಿ ವಾರವಿಡೀ ದುಡಿಯುವ ಫಿಲಿಪಿನಾ ಹೆಂಗಸರು ಭಾನುವಾರದ ರಜೆಯಲ್ಲಿ ಸೌಂದರ್ಯ ಸ್ಪರ್ಧೆ ನಡೆಸುತ್ತಾರೆ. ಮಂಗಳೂರು, ಉಡುಪಿ, ಭಟ್ಕಳ ಕಡೆ ಗಲ್ಫ್‌ನ ದುಡಿಮೆ ಕಂಡ ಮನೆಗಳಲ್ಲಿ, ದೂರದ ಊರಿಂದ ಮಕ್ಕಳ ಜೊತೆ ಫೋನಿನಲ್ಲಷ್ಟೇ ಮಾತಾಡುವ ತಾಯಿಯ ಸಂಕಟಕ್ಕೆ ಸಬ್‌ಟೈಟಲ್ಲೇ ಬೇಕಾಗುವುದಿಲ್ಲ.

ಮೊದಲ ಸಲಕ್ಕೆ ಬೇಡವಾದದ್ದನ್ನೂ ಹೇಳಬೇಕು. ಬ್ರಿಲ್ಯಾಂತೆ ಮೆಂಡೋಜಾ ಅವರಿಗೆ 2009ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದ 'ಕಿನತಾಯ್' ಒಬ್ಬ ಹೆಂಗಸಿನ ಕೊಲೆ ಮತ್ತು ಆ ನಂತರದ ಭೀಕರತೆಯನ್ನು ಕಣ್ಣು ತಪ್ಪಿಸಲಾಗದಷ್ಟು ಹೊತ್ತು ತೋರಿಸುತ್ತದೆ. ಅದರಲ್ಲಿ ಏನಿದೆ ಎಂದು ಹೇಳದೆ ಗೆಳೆಯರ ಮುಂದೆ ಹಾಕುವುದು ಅನ್ಯಾಯ. ಯಾವ ಚಿತ್ರವೇ ಆಗಲಿ, ಫಿಲಿಪೀನ್ಸ್‌ನ ಸೆನ್ಸಾರ್ ಮಂಡಳಿ ಕೊಟ್ಟ ದರ್ಜೆ ನೋಡಿ: ಜಿ (ಎಲ್ಲರಿಗೂ), ಪಿಜಿ (ಮಕ್ಕಳಿಗೆ ಹಿರಿಯರ ಜೊತೆ), ಆರ್-13, ಆರ್-16, ಆರ್-18. ಆರ್ ಪಕ್ಕದ ಅಂಕಿ ಕನಿಷ್ಠ ವಯಸ್ಸು.

ಎಚ್ಚರಿಕೆಯ ಸೂಚನೆ: ಸಿನಿಮಾ ಆರಿಸಿದವರೇ ಅದನ್ನು ಪೂರ್ತಿ ನೋಡಿಲ್ಲ ಎಂದಾದರೆ ಸಂಜೆಯನ್ನು ಒಂದು ವಾರ ಮುಂದೂಡಿ. ಒಬ್ಬರಾದರೂ ಮೊದಲೇ ಕೊನೆಯವರೆಗೆ ನೋಡಿರಲೇಬೇಕು. ವಿರಾಮ ಎಲ್ಲಿ ಕೊಡಬೇಕು, ಯಾವ ದೃಶ್ಯಕ್ಕೆ ಮುನ್ಸೂಚನೆ ಬೇಕು ಎಂಬುದು ಬೇರೆ ಹೇಗೂ ಗೊತ್ತಾಗುವುದಿಲ್ಲ.

## 3. ನ್ಯಾಯವಾದ ಪ್ರತಿ ಹುಡುಕುವುದು

ಒಂದೇ ಚಿತ್ರ ಅಲ್ಲಿನ ಟಗಾಲೋಗ್ ಭಾಷೆಯ ಹೆಸರಿನಲ್ಲೂ ಇಂಗ್ಲಿಷ್ ಹೆಸರಿನಲ್ಲೂ ಪಟ್ಟಿಯಾಗಿರುತ್ತದೆ. ಎರಡನ್ನೂ, ಜೊತೆಗೆ ನಿರ್ದೇಶಕರ ಹೆಸರನ್ನೂ ಹಾಕಿ ಹುಡುಕಿ. ಜಸ್ಟ್‌ವಾಚ್‌ನಂಥ ತಾಣದಲ್ಲಿ ದೇಶ ಬದಲಿಸಿಕೊಂಡು ನೋಡಿದರೆ ನೀವಿರುವಲ್ಲಿ ಎಲ್ಲಿ ಓಡುತ್ತಿದೆ ಎಂದು ತಿಳಿಯುತ್ತದೆ. ಮೂಬಿ, ನೆಟ್‌ಫ್ಲಿಕ್ಸ್‌ಗಳಲ್ಲಿ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಹದಿನೈದು ದಿನದ ಹಿಂದೆ ಇದ್ದದ್ದು ಶನಿವಾರ ಸಂಜೆಗೆ ಮಾಯವಾಗಿರಬಹುದು. ಹಿಂದಿನ ದಿನ ಮತ್ತೊಮ್ಮೆ ತೆರೆದು ನೋಡಿ, ಎರಡನೇ ಆಯ್ಕೆಯೊಂದನ್ನೂ ಇಟ್ಟುಕೊಳ್ಳಿ.

ಕಳ್ಳ ಪ್ರತಿ ಬೇಡ. ಈ ಚಿತ್ರಗಳಲ್ಲಿ ಹಲವು ಸಣ್ಣ ದುಡ್ಡಿನಲ್ಲಿ ಆದಂಥವು, ನೋಡುಗರು ಕೊಡುವ ಬಾಡಿಗೆಯೇ ಮುಂದಿನ ಚಿತ್ರದ ಬಂಡವಾಳ. ನೋಡುವುದಕ್ಕೂ ಅದರಿಂದ ತೊಂದರೆಯೇ: ಕದ್ದ ಪ್ರತಿಗಳಲ್ಲಿ ಕತ್ತಲ ದೃಶ್ಯಗಳು ಚೌಕಚೌಕವಾಗಿ ಒಡೆದಿರುತ್ತವೆ, ಸಬ್‌ಟೈಟಲ್ ಬೇರೆ ಯಾವುದೋ ಪ್ರತಿಯದಾಗಿರುತ್ತದೆ.

ಮನೆಯ ಗೆಳೆಯರಾಚೆ ಹೋಗಿ ಫಿಲ್ಮ್ ಸೊಸೈಟಿ, ಕಾಲೇಜು ಅಥವಾ ಸಂಘದ ಹಾಲ್‌ನಲ್ಲಿ ತೋರಿಸುವುದಾದರೆ ಮನೆಯ ಚಂದಾ ಖಾತೆ ಸಾಲದು. ಸಾರ್ವಜನಿಕ ಪ್ರದರ್ಶನದ ಅನುಮತಿಯನ್ನು ನಿರ್ಮಾಪಕರಿಂದ ಅಥವಾ ವಿತರಕರಿಂದ ಪತ್ರದ ಮೂಲಕ ಪಡೆಯಬೇಕು. ಆರು ವಾರ ಮುಂಚೆ ಬರೆಯಿರಿ. ದಿನಾಂಕ, ಆಸನಗಳ ಸಂಖ್ಯೆ, ಟಿಕೆಟ್ ಇದೆಯೋ ಉಚಿತವೋ ಎಂಬುದನ್ನು ಮೊದಲ ಪತ್ರದಲ್ಲೇ ಹೇಳಿದರೆ ಉತ್ತರ ಬೇಗ ಬರುತ್ತದೆ.

## 4. ಸಬ್‌ಟೈಟಲ್ ಪರೀಕ್ಷೆ: ಮೂರು ಕಡೆ ನೋಡಿ

ಶುರುವಿನ ಎರಡು ನಿಮಿಷ ನೋಡಿ "ಸರಿ ಇದೆ" ಅಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. 5ನೇ ನಿಮಿಷ, ನಡುಭಾಗ, ಕೊನೆಗಿಂತ ಹತ್ತು ನಿಮಿಷ ಮುಂಚೆ, ಹೀಗೆ ಮೂರು ಕಡೆ ಮಾತು ಮತ್ತು ಅಕ್ಷರ ಒಟ್ಟಿಗೆ ಬರುತ್ತವೆಯೇ ಎಂದು ಪರೀಕ್ಷಿಸಿ.

ಮೂರೂ ಕಡೆ ಒಂದೇ ಅಂತರದಲ್ಲಿ ತಪ್ಪಿದ್ದರೆ ರಿಪೇರಿ ಸುಲಭ. ಕಂಪ್ಯೂಟರ್‌ನ ವಿಎಲ್‌ಸಿಯಲ್ಲಿ 'ಎಚ್' ಕೀ ಒತ್ತಿದರೆ ಸಬ್‌ಟೈಟಲ್ ತಡವಾಗುತ್ತದೆ, 'ಜಿ' ಒತ್ತಿದರೆ ಬೇಗ ಬರುತ್ತದೆ. ಪ್ರತಿ ಒತ್ತಿಗೆ 50 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿಗೆ ಇಪ್ಪತ್ತು ಒತ್ತು.

ಶುರುವಿನಲ್ಲಿ ಸರಿಯಿದ್ದು ಹೋಗಹೋಗುತ್ತ ಅಂತರ ಹೆಚ್ಚಾಗುತ್ತಿದ್ದರೆ ಕಾರಣ ಬೇರೆ. ಚಿತ್ರ ಸೆಕೆಂಡಿಗೆ 25 ಚೌಕಟ್ಟಿನದು, ಸಬ್‌ಟೈಟಲ್ ಕಡತ 23.976ರ ಪ್ರತಿಗೆ ಮಾಡಿದ್ದು, ಇಲ್ಲವೇ ಅದರ ಉಲ್ಟಾ. ಒಂದು ಗಂಟೆಗೆ ಸುಮಾರು ಎರಡೂವರೆ ನಿಮಿಷ ತಪ್ಪುತ್ತದೆ. ಇದನ್ನು ಕೀ ಒತ್ತಿ ಸರಿಮಾಡಲಾಗದು. ಸಬ್‌ಟೈಟಲ್ ಎಡಿಟರಿನಲ್ಲಿ ಚೌಕಟ್ಟಿನ ದರ ಬದಲಿಸಬೇಕು ಅಥವಾ ಸರಿಯಾದ ಕಡತ ತರಿಸಬೇಕು. ಅಕ್ಷರಗಳ ಬದಲು ಚೌಕ, ಪ್ರಶ್ನಾರ್ಥಕ ಕಂಡರೆ ಎಸ್‌ಆರ್‌ಟಿ (ಸಬ್‌ಟೈಟಲ್) ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ.

ಇಂಗ್ಲಿಷ್ ಓದಲು ಕಷ್ಟಪಡುವವರು ಇದ್ದರೆ ಎರಡು ದಾರಿಗಳಿವೆ. ಕಥೆಯ ಮೊದಲ ಇಪ್ಪತ್ತು ನಿಮಿಷ ಮತ್ತು ಪಾತ್ರಗಳ ಹೆಸರು, ನಂಟು ಇಷ್ಟನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು ಹಂಚಬಹುದು. ಇಲ್ಲವೇ ಒಬ್ಬರು ಪಕ್ಕದಲ್ಲಿ ಕೂತು ಮೆಲ್ಲಗೆ ಕನ್ನಡದಲ್ಲಿ ಓದಿ ಹೇಳಬಹುದು. ಉದ್ದನೆಯ ಶಾಟ್‌ಗಳ ನಿಧಾನ ಚಿತ್ರದಲ್ಲಿ ಎರಡು ಮಾತಿನ ನಡುವೆ ಇದಕ್ಕೆ ಬೇಕಾದಷ್ಟು ಬಿಡುವಿರುತ್ತದೆ. ರ‍್ಯಾಪ್ ಹಾಡು, ಜಗಳ ತುಂಬಿದ ಚಿತ್ರದಲ್ಲಿ ಈ ಉಪಾಯ ನಡೆಯುವುದಿಲ್ಲ.

## 5. ಪರದೆ ಮತ್ತು ಕತ್ತಲೆ

100 ಇಂಚಿನ ಚಿತ್ರ ಎಂದರೆ 221 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ. ಪ್ರೊಜೆಕ್ಟರ್‌ನ ಥ್ರೋ ಅನುಪಾತ 1.2 ಇದ್ದರೆ ಅದನ್ನು ಗೋಡೆಯಿಂದ ಸುಮಾರು 2.65 ಮೀಟರ್ ದೂರದಲ್ಲಿ ಇಡಬೇಕು (ಅಗಲ × ಅನುಪಾತ). ಅಗ್ಗದ ಪ್ರೊಜೆಕ್ಟರ್‌ಗಳ ಡಬ್ಬಿಯ ಮೇಲೆ ಬರೆದ ಸಾವಿರಾರು ಲೂಮೆನ್ ನಂಬಬೇಡಿ, 'ಆನ್ಸಿ ಲೂಮೆನ್' (ಗೊತ್ತಾದ ಮಾನದಂಡದಲ್ಲಿ ಅಳೆದ ಬೆಳಕು) ಎಷ್ಟು ಎಂದು ಕೇಳಿ.

ಪರದೆಯಾಗಿ ಹಾಸಿಗೆಯ ಬೆಡ್‌ಶೀಟ್ ಬೇಡ. ಬೆಳಕು ಅದರ ಹಿಂದಕ್ಕೆ ಸೋರಿ ಕಪ್ಪು ಬಣ್ಣವೆಲ್ಲ ಬೂದಿಯಾಗುತ್ತದೆ, ಫ್ಯಾನ್ ಗಾಳಿಗೆ ಅಕ್ಷರ ಅಲುಗುತ್ತದೆ. ಸುಣ್ಣ ಬಳಿದ ನುಣುಪು ಗೋಡೆ ಅದಕ್ಕಿಂತ ಎಷ್ಟೋ ವಾಸಿ. ಮುಂದಿನ ಸಾಲು ಚಾಪೆಯ ಮೇಲೆ, ಹಿಂದಿನ ಸಾಲು ಕುರ್ಚಿಯ ಮೇಲೆ ಕೂರಲಿ. ಚಿತ್ರದ ಕೆಳ ಅಂಚು ನೆಲದಿಂದ 90 ಸೆಂ.ಮೀ. ಮೇಲಿದ್ದರೆ ಯಾರ ತಲೆಯೂ ಸಬ್‌ಟೈಟಲ್‌ಗೆ ಅಡ್ಡ ಬರುವುದಿಲ್ಲ.

ಟಿವಿಯಾದರೆ ಸೆಟ್ಟಿಂಗ್‌ನಲ್ಲಿ ನಾಲ್ಕು ಬದಲಾವಣೆ ಕಡ್ಡಾಯ. ಚಲನೆ ನಯಗೊಳಿಸುವ ಸೌಲಭ್ಯ (ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ) ನಿಲ್ಲಿಸಿ, ಅದು ಸಿನಿಮಾವನ್ನು ಧಾರಾವಾಹಿಯ ಹಾಗೆ ಮಾಡುತ್ತದೆ. ಕೋಣೆಯ ಬೆಳಕಿಗೆ ತಕ್ಕಂತೆ ಹೊಳಪು ತಗ್ಗಿಸುವ ಸೆನ್ಸರ್ ನಿಲ್ಲಿಸಿ, ರಾತ್ರಿಯ ದೃಶ್ಯ ಬಂದಾಗ ಅದೇ ಮೊದಲ ಶತ್ರು. ಜೂಮ್ ತೆಗೆದು ಮೂಲ ಅಳತೆಯಲ್ಲಿಡಿ, ಇಲ್ಲದಿದ್ದರೆ ಕೆಳಗಿನ ಅಕ್ಷರ ಕತ್ತರಿಸಿ ಹೋಗುತ್ತದೆ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಎಳೆದು ತುಂಬಿಸಬೇಡಿ, ಆ ಚಿತ್ರದ ಅಳತೆಯೇ ಅದು.

ಆಮೇಲೆ ಕತ್ತಲೆ. ಸಿನಿಮಾದ ಅತಿ ಕತ್ತಲ ದೃಶ್ಯವೊಂದನ್ನು ಹುಡುಕಿ ನಿಲ್ಲಿಸಿ, ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ನೋಡಿ. ದೂರದ ಆಕೃತಿ ಅಲ್ಲಿಂದ ಕಾಣಬೇಕು. ಕಾಣದಿದ್ದರೆ ಟಿವಿಯ ಹೊಳಪು ಮುಟ್ಟುವ ಮುಂಚೆ ಕೋಣೆಯಲ್ಲಿ ಬೆಳಕು ಸೋರುವ ಜಾಗ ಹುಡುಕಿ: ದೇವರಮನೆಯ ದೀಪ, ರೌಟರ್‌ನ ಮಿಣುಕು, ಅಡುಗೆಮನೆಯ ಬಾಗಿಲ ಸಂದು. ಲ್ಯಾನ್ ಕೇಬಲ್ ಹಾಕಬೇಕಾದದ್ದೂ ಇದೇ ಕಾರಣಕ್ಕೆ. ಇಂಟರ್ನೆಟ್ ವೇಗ ಕುಗ್ಗಿದಾಗ ಮೊದಲು ಕೆಡುವುದು ಕತ್ತಲ ದೃಶ್ಯಗಳೇ.

## 6. ಧ್ವನಿ

ಈ ಚಿತ್ರಗಳಲ್ಲಿ ಬಹಳಷ್ಟು ನಿಜವಾದ ಓಣಿಗಳಲ್ಲಿ ಚಿತ್ರಿಸಿದವು. ಮಾತಿನ ಹಿಂದೆ ಹುಂಜದ ಕೂಗು, ಜೀಪ್ನಿ (ಜೀಪಿನಂಥ ಬಾಡಿಗೆ ವಾಹನ), ಟ್ರೈಸಿಕಲ್‌ನ (ಪಕ್ಕಗಾಡಿ ಕಟ್ಟಿದ ಬೈಕು) ಸದ್ದು, ಪಕ್ಕದ ಮನೆಯ ಕರೋಕೆ ಎಲ್ಲ ಇರುತ್ತದೆ. ಟಿವಿಯ ಸ್ವಂತ ಸ್ಪೀಕರ್‌ನಲ್ಲಿ ಇವೆಲ್ಲ ಕಲಸಿಹೋಗಿ ಬರಿ ಗದ್ದಲವಾಗುತ್ತದೆ, ಗದ್ದಲ ಒಂದು ಗಂಟೆ ಕೇಳಿದರೆ ತಲೆ ಸಿಡಿಯುತ್ತದೆ. ಎರಡು ಸಾಧಾರಣ ಸ್ಪೀಕರ್‌ಗಳನ್ನು ಪರದೆಯ ಎರಡೂ ಬದಿಗೆ, ಕೂತವರ ಕಿವಿಯ ಎತ್ತರಕ್ಕೆ ಇಡಿ.

ಬ್ಲೂಟೂತ್‌ನಲ್ಲಿ ತುಟಿ ಮುಂದೆ, ಮಾತು ಹಿಂದೆ ಆಗುವ ಸಂಭವ ಹೆಚ್ಚು, ಹಾಗಾಗಿ ವೈರನ್ನೇ ಬಳಸಿ. ಮಾತು ಸಣ್ಣದಾಗಿ, ಉಳಿದದ್ದು ಜೋರಾಗಿ ಕೇಳಿದರೆ ಧ್ವನಿಯ ಸೆಟ್ಟಿಂಗನ್ನು 5.1ರಿಂದ (ಆರು ಸ್ಪೀಕರ್‌ಗೆ ಹಂಚಿದ ಧ್ವನಿ) ಎರಡು ಸ್ಪೀಕರ್‌ನ ಸ್ಟೀರಿಯೊಗೆ ಬದಲಿಸಿ. ಭಾಷೆ ತಿಳಿಯದಿದ್ದರೂ ಮಾತು ಸ್ಪಷ್ಟ ಕೇಳಬೇಕು, ಏಕೆಂದು ಎಂಟನೇ ಹಂತದಲ್ಲಿದೆ.

## 7. ತಿಂಡಿ: ತುರೋನ್, ವಿರಾಮಕ್ಕೆ

ಚಿಪ್ಸ್ ಪೊಟ್ಟಣ, ಕುರುಕಲು ಸಿನಿಮಾ ನಡೆಯುವಾಗ ಬೇಡ. ಸದ್ದಿಲ್ಲದ ದೃಶ್ಯದಲ್ಲಿ ಒಂದು ಚಕ್ಕುಲಿ ಮುರಿದರೂ ಇಡೀ ಕೋಣೆ ತಿರುಗಿ ನೋಡುತ್ತದೆ. ಸಂಜೆಯ ಹೊತ್ತಿಗೆ ಅಲ್ಲಿನ ಬೀದಿಗಳಲ್ಲಿ ಮಾರುವ 'ತುರೋನ್' ಎಂಬ ಕರಿದ ಬಾಳೆಹಣ್ಣಿನ ಸುರುಳಿ ವಿರಾಮಕ್ಕೆ ಹೇಳಿ ಮಾಡಿಸಿದ್ದು.

ಎಂಟು ಜನಕ್ಕೆ: ಹಣ್ಣಾದರೂ ಗಟ್ಟಿಯಿರುವ ನೇಂದ್ರ ಬಾಳೆಹಣ್ಣು 4, ಸ್ಪ್ರಿಂಗ್ ರೋಲ್ ಹಾಳೆ 16, ಕಂದು ಸಕ್ಕರೆ ಒಂದು ಕಪ್, ಹಲಸಿನ ತೊಳೆಯ ಉದ್ದ ಸೀಳು 16, ಕರಿಯಲು ಎಣ್ಣೆ. ಅಲ್ಲಿ ಸಾಬಾ ಎಂಬ ಬಾಳೆ ಬಳಸುತ್ತಾರೆ, ನಮ್ಮಲ್ಲಿ ನೇಂದ್ರ ಅದರ ಕೆಲಸ ಮಾಡುತ್ತದೆ. ಪುಟ್ಟಬಾಳೆ, ಪಚ್ಚಬಾಳೆ ಎಣ್ಣೆಯಲ್ಲಿ ಕರಗಿ ಹಾಳೆ ಒಡೆಯುತ್ತದೆ.

ಒಂದೊಂದು ಹಣ್ಣನ್ನು ನಾಲ್ಕು ತುಂಡು ಮಾಡಿ, ಸಕ್ಕರೆಯಲ್ಲಿ ಹೊರಳಿಸಿ, ಮೇಲೆ ಹಲಸಿನ ಸೀಳು ಇಟ್ಟು ಬಿಗಿಯಾಗಿ ಸುತ್ತಿ, ಅಂಚಿಗೆ ನೀರು ಸವರಿ ಅಂಟಿಸಿ. ಎಣ್ಣೆ ಮಧ್ಯಮ ಉರಿಯಲ್ಲಿ ಕಾದ ಮೇಲೆ ಮೂರು ಚಮಚ ಸಕ್ಕರೆ ಎಣ್ಣೆಗೇ ಹಾಕಿ. ಅದು ಕರಗಿ ಕಂದು ಬಣ್ಣಕ್ಕೆ ತಿರುಗುವಾಗ ಸುರುಳಿಗಳನ್ನು ಬಿಟ್ಟು ಮಗುಚುತ್ತ ಇದ್ದರೆ ಪಾಕ ಹೊರಮೈಗೆ ಹತ್ತಿಕೊಳ್ಳುತ್ತದೆ. ಉರಿ ಜಾಸ್ತಿಯಾದರೆ ಒಂದೇ ಕ್ಷಣಕ್ಕೆ ಸಕ್ಕರೆ ಕಪ್ಪಾಗಿ ಕಹಿಯಾಗುತ್ತದೆ. ತೆಗೆದು ಪೇಪರ್ ಮೇಲೆ ಹಾಕಬೇಡಿ, ಅಂಟಿಕೊಂಡರೆ ಬಿಡಿಸಲಾಗದು. ಎಣ್ಣೆ ಸವರಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಡಿ. ಸಿನಿಮಾಕ್ಕೆ ಒಂದು ಗಂಟೆ ಮುಂಚೆ ಕರಿದಿಟ್ಟರೆ ವಿರಾಮದ ಹೊತ್ತಿಗೂ ಗರಿಗರಿ ಉಳಿದಿರುತ್ತದೆ. ಬಿಸಿ ಇರುವಾಗ ಮುಚ್ಚಿಟ್ಟರೆ ಮೆತ್ತಗಾಗುತ್ತದೆ.

## 8. ಐದು ನಿಮಿಷದ ಪೀಠಿಕೆ

ಗೆಳೆಯರು ಕೂತ ಮೇಲೆ ಕಥೆ ಹೇಳಬೇಡಿ, ನಿರ್ದೇಶಕರ ಗುಣಗಾನವೂ ಬೇಡ. ಕಿವಿಗೆ ಕೆಲಸ ಕೊಡುವ ಕೆಲವು ಮಾತು ಸಾಕು.

ಮೊದಲನೆಯದು 'ಪೊ'. ಟಗಾಲೋಗ್‌ನಲ್ಲಿ ಹಿರಿಯರ ಜೊತೆ, ಅಧಿಕಾರಿಗಳ ಜೊತೆ ಮಾತಾಡುವಾಗ ವಾಕ್ಯದ ನಡುವೆ ಸೇರಿಸುವ ಮರ್ಯಾದೆಯ ತುಣುಕು ಇದು, ಹೆಚ್ಚುಕಡಿಮೆ ನಮ್ಮ 'ರೀ' ಇದ್ದಂತೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಇದು ಸಾಮಾನ್ಯವಾಗಿ ಕಾಣೆಯಾಗಿರುತ್ತದೆ. ಪೊಲೀಸನ ಎದುರು ಪ್ರತಿ ವಾಕ್ಯಕ್ಕೂ 'ಪೊ' ಹಾಕುತ್ತಿದ್ದ ಹೆಂಗಸು ಒಂದು ಮಾತಿನಲ್ಲಿ ಅದನ್ನು ಬಿಟ್ಟಳು ಎಂದರೆ, 'ನೀವು' ಹೋಗಿ 'ನೀನು' ಬಂದ ಹಾಗೆ. ತೆರೆಯ ಮೇಲಿನ ಅಕ್ಷರ ಮಾತ್ರ ಮೊದಲಿನಷ್ಟೇ ತಣ್ಣಗಿರುತ್ತದೆ. ಇಂಗ್ಲಿಷ್‌ನವರಿಗೆ ತಪ್ಪಿಹೋಗುವ ಈ ತಿರುವು ಕನ್ನಡದ ಕಿವಿಗೆ ಒಮ್ಮೆ ಹೇಳಿಕೊಟ್ಟರೆ ಸಾಕು, ಆಮೇಲೆ ತಾನೇ ಹಿಡಿಯುತ್ತದೆ.

ಎರಡನೆಯದು 'ಶಾ'. 'ಅವನು', 'ಅವಳು' ಎರಡಕ್ಕೂ ಟಗಾಲೋಗ್‌ನಲ್ಲಿ ಈ ಒಂದೇ ಪದ. ಸಬ್‌ಟೈಟಲ್ ಬರೆದವರು ಗಂಡೋ ಹೆಣ್ಣೋ ತೀರ್ಮಾನಿಸಿರುತ್ತಾರೆ, ಪಾತ್ರ ಹಾಗೆ ಹೇಳಿರುವುದಿಲ್ಲ. ಮ್ಯಾಕ್ಸಿಮೊನಂಥ ಹುಡುಗನ ಕಥೆಯಲ್ಲಿ ಇದು ಗೊತ್ತಿರಬೇಕು.

'ಕೂಯಾ' ಅಣ್ಣ, 'ಆತೆ' ಅಕ್ಕ, 'ಲೋಲಾ' ಅಜ್ಜಿ. ನಮ್ಮಂತೆಯೇ ಪರಿಚಯವಿಲ್ಲದವರನ್ನೂ ಅಣ್ಣ, ಅಕ್ಕ ಎಂದೇ ಕರೆಯುತ್ತಾರೆ, ಅದನ್ನು ಒಡಹುಟ್ಟಿದವರೆಂದು ತಿಳಿದು ಕಥೆ ಗೋಜಲು ಮಾಡಿಕೊಳ್ಳುವವರು ಬಹಳ. 'ಬರಂಗಾಯ್' ಎಂದರೆ ಸ್ಥಳೀಯ ಆಡಳಿತದ ಅತಿ ಚಿಕ್ಕ ಘಟಕ. 'ಓಎಫ್‌ಡಬ್ಲ್ಯು' ಎಂದರೆ ಹೊರದೇಶದಲ್ಲಿ ದುಡಿಯುವವರು. ಕೊನೆಗೆ ಒಂದು ಆಟ ಕೊಡಿ: ಸಂಸ್ಕೃತದಿಂದ ಹೋಗಿ ಅಲ್ಲಿ ನೆಲೆ ನಿಂತ 'ಗುರೊ' (ಮೇಷ್ಟ್ರು), 'ಮುಖಾ' (ಮುಖ), 'ಪಗ್‌ಆಸಾ' (ಆಸೆ, ಭರವಸೆ), 'ದುಖಾ' (ಬಡವ) ಕಿವಿಗೆ ಬೀಳುತ್ತವೆಯೇ ನೋಡಲು ಹೇಳಿ. ಈ ಆಟ ಹಿಡಿದವರ ಕೈ ಮೊಬೈಲ್ ಕಡೆ ಹೋಗುವುದಿಲ್ಲ.

ಇತಿಹಾಸ ಬೇಕಾದ ಚಿತ್ರವಾದರೆ ಎರಡೇ ವಾಕ್ಯ: 1972ರಲ್ಲಿ ಫರ್ಡಿನಾಂಡ್ ಮಾರ್ಕೋಸ್ ಸೇನಾ ಶಾಸನ ಹೇರಿದರು, 1986ರ ಫೆಬ್ರುವರಿಯಲ್ಲಿ ಜನ ಬೀದಿಗಿಳಿದು ಅವರನ್ನು ಓಡಿಸಿದರು.

## 9. ಓಡಿಸುವಾಗ: ವಿರಾಮ ಮತ್ತು ಎಚ್ಚರಿಕೆಗಳು

110 ನಿಮಿಷದೊಳಗಿನ ಚಿತ್ರಕ್ಕೆ ವಿರಾಮ ಬೇಡ, ತುರೋನನ್ನು ಸಿನಿಮಾ ಮುಗಿದ ಮೇಲೆ ಕೊಡಿ. ಉದ್ದದ ಚಿತ್ರಕ್ಕೆ ವೇಳಾಪಟ್ಟಿ ಬೇಕು. ಎರಡು ಮೂರು ಸಂಜೆ ಪಳಗಿದ ಗುಂಪು ಡಿಯಾಜ್ ಅವರ 'ಆಂಗ್ ಬಬಾಯೆಂಗ್ ಹುಮಾಯೊ' (2016) ನೋಡುತ್ತದೆ ಎಂದುಕೊಳ್ಳಿ. ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಪಡೆದ ಈ ಕಪ್ಪುಬಿಳುಪು ಚಿತ್ರ ಸುಮಾರು 3 ಗಂಟೆ 46 ನಿಮಿಷದ್ದು, ಮಾಡದ ತಪ್ಪಿಗೆ ಮೂವತ್ತು ವರ್ಷ ಜೈಲಿನಲ್ಲಿದ್ದು 1997ರಲ್ಲಿ ಹೊರಬಂದವಳ ಕಥೆ. ಸಂಜೆ 4ಕ್ಕೆ ಬರಹೇಳಿ, 4:30ಕ್ಕೆ ಶುರು ಮಾಡಿ, 6:20ರ ಸುಮಾರಿಗೆ 20 ನಿಮಿಷ ವಿರಾಮ ಕೊಟ್ಟರೆ 8:40ರೊಳಗೆ ಮುಗಿಯುತ್ತದೆ. ರಾತ್ರಿ ಊಟವಾದ ಮೇಲೆ ಶುರು ಮಾಡಿದವರು ಅರ್ಧದಲ್ಲೇ ನಿದ್ದೆಹೋಗುತ್ತಾರೆ.

ವಿರಾಮದ ಗುಂಡಿಯನ್ನು ಶಾಟ್ ಬದಲಾಗುವ ಗಳಿಗೆಯಲ್ಲೇ ಒತ್ತಿ. ಡಿಯಾಜ್ ಅವರ ಕ್ಯಾಮೆರಾ ಬಹುಪಾಲು ಒಂದೇ ಕಡೆ ನಿಂತಿರುತ್ತದೆ, ಮಾತು ಮುಗಿದು ಜನ ಹೊರಟುಹೋದ ಮೇಲೂ ನಿಂತಿರುತ್ತದೆ. ಮಾತು ಮುಗಿದದ್ದೇ ದೃಶ್ಯ ಮುಗಿಯಿತು ಅಂದುಕೊಂಡು ನಿಲ್ಲಿಸಿದರೆ ಉಸಿರನ್ನು ಅರ್ಧದಲ್ಲಿ ಕತ್ತರಿಸಿದಂತೆ. ಮೊದಲೇ ನೋಡಿದವರು ಜಾಗ ಗುರುತು ಮಾಡಿಟ್ಟುಕೊಂಡಿರಬೇಕು.

ಯಾರಾದರೂ ಮುಂದಕ್ಕೆ ಓಡಿಸು ಎಂದರೆ ಒಪ್ಪಬೇಡಿ. ಕೋಣೆ ಪರೀಕ್ಷಿಸಿ: ಬೆಳಕು ಬಂತೇ, ಧ್ವನಿ ತಗ್ಗಿದೆಯೇ, ಸೆಕೆ ಆಗಿದೆಯೇ. ಇಬ್ಬರು ಪದೇಪದೇ "ಇವನ್ಯಾರು?" ಎಂದು ಕೇಳುತ್ತಿದ್ದರೆ ಸಬ್‌ಟೈಟಲ್ ಅವರಿಗೆ ಸರಿಯಾಗಿ ಕಾಣುತ್ತಿಲ್ಲ, ಮುಂದಿನ ಸಾಲಿಗೆ ಕರೆಯಿರಿ. ಹಿಂಸೆಯ ದೃಶ್ಯದಲ್ಲಿ ಒಬ್ಬರು ಎದ್ದು ಹೊರಗೆ ಹೋದರೆ ತಡೆಯಬೇಡಿ, ಒಬ್ಬರು ಸುಮ್ಮನೆ ಹಿಂದೆ ಹೋಗಿ ನೀರು ಕೊಡಿ.

## 10. ಮನಿಲಾದಲ್ಲೇ ಇರುವವರಿಗೆ

ಓದಿಗೋ ಕೆಲಸಕ್ಕೋ ಫಿಲಿಪೀನ್ಸ್‌ನಲ್ಲಿರುವ ಕನ್ನಡಿಗರು ಮನೆಯ ಪರದೆಗಿಂತ ಚಿತ್ರೋತ್ಸವ ಆರಿಸಿಕೊಳ್ಳುವುದೇ ಒಳ್ಳೆಯದು. 2005ರಲ್ಲಿ ಶುರುವಾದ ಸಿನೆಮಲಾಯಾ ಹೆಚ್ಚಿನ ವರ್ಷ ಆಗಸ್ಟ್‌ನಲ್ಲಿ ನಡೆದಿದೆ, ಆದರೆ ತಿಂಗಳು ಮತ್ತು ಜಾಗ ಬದಲಾದದ್ದೂ ಉಂಟು. ಟಿಕೆಟ್‌ಗೆ ಮುಂಚೆ ಆ ವರ್ಷದ ಪಟ್ಟಿಯನ್ನೇ ನೋಡಿ. ಕೆಜೋನ್ ಸಿಟಿಯಲ್ಲಿ ಕ್ಯೂಸಿನೆಮಾ ಉತ್ಸವವೂ ಇದೆ. ಇಂಗ್ಲಿಷ್ ಸಬ್‌ಟೈಟಲ್ ಇದೆಯೇ ಎಂದು ಪ್ರತಿ ಪ್ರದರ್ಶನಕ್ಕೂ ವಿಚಾರಿಸಿ. ವಾಹನ ದಟ್ಟಣೆಯ ಎಡ್ಸಾ ಹೆದ್ದಾರಿ ದಾಟಬೇಕಾದರೆ ಒಂದೂವರೆ ಗಂಟೆ ಮುಂಚೆ ಹೊರಡಿ, ಏಸಿ ಚಳಿಗೆ ಒಂದು ಸ್ವೆಟರ್ ಇರಲಿ.

## 11. ಮುಗಿದ ಮೇಲೆ

ಹೆಸರುಗಳ ಪಟ್ಟಿ ಪೂರ್ತಿ ಹೋಗಲಿ, ಲೈಟ್ ಹಾಕಬೇಡಿ. ಆಮೇಲೆ ಒಂದು ಸಣ್ಣ ದೀಪ, ಕಾಫಿ, ಹತ್ತು ನಿಮಿಷ ಯಾವ ಪ್ರಶ್ನೆಯೂ ಇಲ್ಲದ ಬಿಡುವು.

"ಹೇಗಿತ್ತು?" ಎಂದು ಕೇಳಬೇಡಿ. ಅದಕ್ಕೆ "ಚೆನ್ನಾಗಿತ್ತು", "ಲೇಟಾಯ್ತು" ಎಂಬ ಎರಡೇ ಉತ್ತರ ಬರುತ್ತವೆ. ಒಂದು ದೃಶ್ಯ ಹಿಡಿದು ಕೇಳಿ: ಆ ಹೆಂಗಸು ಹಣ ಎಣಿಸುವಾಗ ಹಿಂದೆ ಯಾವ ಸದ್ದು ಕೇಳುತ್ತಿತ್ತು? ಮಾತಿನಲ್ಲಿ 'ಪೊ' ಬಿಟ್ಟದ್ದು ಎಲ್ಲಿ? ಕಾಫಿ ಲೋಟ ಕೆಳಗಿಟ್ಟು ಯಾರಾದರೂ "ಅಲ್ಲ, ಅಲ್ಲಿ ಬಿಡಲಿಲ್ಲ, ಅದಕ್ಕೂ ಮುಂಚೆ" ಎಂದು ವಾದಕ್ಕಿಳಿದರೆ ಆ ದೃಶ್ಯವನ್ನು ಮತ್ತೆ ಹಾಕಿ ತೋರಿಸಿ.